ಇಸುಬಿನ ಕೆಳಗಿದ್ದ ಭಯ

ಮೊದಲೇ ಹೇಳಿಬಿಡುತ್ತೇನೆ, ನನ್ನ ಇಸುಬು ಪೂರ್ತಿ ವಾಸಿಯಾಗಿಲ್ಲ. ಇದನ್ನು ಬರೆಯುತ್ತಿರುವಾಗಲೂ ಬಲಗೈಯ ಎರಡು ಬೆರಳುಗಳ ಸಂದಿಯಲ್ಲಿ ಸಣ್ಣಗೆ ತುರಿಸುತ್ತಿದೆ. ಆದರೆ ಮೂರು ವರ್ಷದ ಹಿಂದೆ ಇದೇ ಕೈಯಲ್ಲಿ ಪೆನ್ನು ಹಿಡಿದರೆ ಗೆಣ್ಣುಗಳು ಬಿರಿದು ಮಕ್ಕಳ ನೋಟ್‌ಬುಕ್ಕಿಗೆ ರಕ್ತದ ಕಲೆಯಾಗುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ನನ್ನನ್ನು ಕೈಹಿಡಿದು ಕರೆತಂದವರು ಕೆಲವರಿದ್ದಾರೆ. ಅವರನ್ನು ನೆನೆಯಬೇಕೆನಿಸಿತು. ಜೊತೆಗೆ, ಈಗ ಎಲ್ಲೋ ಉದ್ದ ತೋಳಿನೊಳಗೆ ಕೈ ಮುಚ್ಚಿಕೊಂಡು ಕೂತಿರುವ ಒಬ್ಬರಿಗಾದರೂ ಇದು ತಲುಪಲಿ ಎಂಬ ಆಸೆಯೂ ಇದೆ.

ನಾನು ಸುನಂದಾ. ಗದಗಿನ ಕಡೆಯವಳು. ಗಂಡ ಬಸವರಾಜ ರೈಲ್ವೆ ನೌಕರರು. ಹಳಿಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನು ದುರಸ್ತಿ ಮಾಡುವ ತಂಡದಲ್ಲಿದ್ದಾರೆ. ಅವರಿಗೆ ವರ್ಗವಾಗಿ ನಾವು ನಾಗಪುರಕ್ಕೆ ಬಂದು ಏಳು ವರ್ಷವಾಯಿತು. ನಾನು ಧರಮಪೇಠದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಮಗಳು ಚಿನ್ಮಯಿ ಮತ್ತು ಅತ್ತೆ ಗಂಗವ್ವ ಇದ್ದಾರೆ.

ಇಸುಬು ನನಗೆ ಚಿಕ್ಕಂದಿನಿಂದಲೂ ಇತ್ತು. ಚಳಿಗಾಲದಲ್ಲಿ ಮೊಣಕೈ ಮಡಿಕೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಯುಗಾದಿಯ ಹೊತ್ತಿಗೆ ಹೋಗುತ್ತಿತ್ತು. ಅದನ್ನೊಂದು ರೋಗವೆಂದು ನಾನು ಯಾವತ್ತೂ ಎಣಿಸಿರಲಿಲ್ಲ.

ಎಲ್ಲ ಬದಲಾದದ್ದು ಒಂದು ಮಂಗಳವಾರ. ಶಾಲೆಗೆ ರಜೆಯಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಕ್ಕದ ಕ್ವಾರ್ಟರ್ಸಿನ ಹೆಂಗಸು ಬಾಗಿಲಿಗೆ ಬಂದು, "ನಿಮ್ಮವರ ಗ್ಯಾಂಗಿನಲ್ಲಿ ಯಾರೋ ಏಣಿಯಿಂದ ಬಿದ್ದರಂತೆ, ಯಾರು?" ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ಗೊತ್ತಿರುತ್ತದೆ ಎಂದುಕೊಂಡಿದ್ದಳು. ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅವರ ಜೊತೆಗಾರರ ಎರಡು ನಂಬರುಗಳಿದ್ದವು, ಅವರೂ ಎತ್ತಲಿಲ್ಲ. ಸಂಜೆ ನಾಲ್ಕರವರೆಗೆ ಬಿದ್ದವರು ಯಾರೆಂದು ತಿಳಿಯದೆ ನಾನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೇ ಇದ್ದೆ.

ನಾಲ್ಕೂವರೆಗೆ ಬಸವರಾಜ ನಡೆದುಕೊಂಡು ಬಂದರು. ಕಾಲು ಜಾರಿ ಬಿದ್ದವರು ಅವರ ಜೊತೆಗಾರ. ಸೊಂಟದ ಮೂಳೆ ಮುರಿದಿತ್ತು. ಇವರೆಲ್ಲ ಆಸ್ಪತ್ರೆಯಲ್ಲಿದ್ದರು, ಫೋನುಗಳು ಚೀಲದಲ್ಲೇ ಉಳಿದಿದ್ದವು. ನಾನು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಚಹಾ ಮಾಡಿಕೊಟ್ಟೆ. ಲೋಟ ತೆಗೆದುಕೊಳ್ಳುತ್ತಾ ಅವರು, "ಕೈಗೇನಾತು?" ಎಂದರು. ನೋಡಿಕೊಂಡೆ. ಎಡ ಮೊಣಕೈಯ ಒಳಮಡಿಕೆ ಹಸಿಹಸಿಯಾಗಿ ಸುಲಿದುಹೋಗಿತ್ತು. ಐದು ತಾಸು ಕೆರೆದುಕೊಂಡಿದ್ದೆ. ನನಗೆ ಅದರ ಅರಿವೇ ಇರಲಿಲ್ಲ.

ಆ ಜೊತೆಗಾರ ಆರು ತಿಂಗಳಲ್ಲಿ ಎದ್ದು ಓಡಾಡತೊಡಗಿದರು. ನನ್ನ ಗಾಯ ಮಾತ್ರ ಬೆಳೆಯುತ್ತಾ ಹೋಯಿತು. ಮೊಣಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬೆರಳುಗಳಿಗೆ, ಆಮೇಲೆ ಕುತ್ತಿಗೆಗೆ.

ಎಲ್ಲರೂ ಊಟವೇ ಕಾರಣ ಎಂದರು. ಬದನೆಕಾಯಿ ಬಿಟ್ಟೆ. ಮೊಸರು ಬಿಟ್ಟೆ. ಶೇಂಗಾ ಚಟ್ನಿ ಬಿಟ್ಟೆ, ನಮ್ಮ ಕಡೆಯವರಿಗೆ ಅದು ಸಣ್ಣ ತ್ಯಾಗವಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಹುಳಿ ಆಗದು ಎಂದದ್ದಕ್ಕೆ ಕಿತ್ತಳೆಯ ಊರಿನಲ್ಲಿದ್ದುಕೊಂಡು ಇಡೀ ಸೀಸನ್ ಒಂದು ತೊಳೆ ಬಾಯಿಗಿಡಲಿಲ್ಲ. ಹಳೆಯ ಪೇಟೆ ಮಹಾಲ್‌ನ ಗಲ್ಲಿಯೊಂದರಲ್ಲಿ ಯಾರೋ ಕೊಡುತ್ತಿದ್ದ ಕಪ್ಪು ಮುಲಾಮನ್ನು ಹಚ್ಚಿಕೊಂಡು ಎರಡು ವಾರ ಬೇವಿನ ವಾಸನೆ ಹೊತ್ತು ತಿರುಗಿದೆ. ಕೈ ಇನ್ನಷ್ಟು ಉರಿಯಿತು, ಅಷ್ಟೇ.

ಏಪ್ರಿಲ್, ಮೇ ತಿಂಗಳು ಮಾತ್ರ ನನಗೆ ನೆಮ್ಮದಿ ತಂದವು. ಚರ್ಮಕ್ಕಲ್ಲ. ಬೆವರು ತಾಗಿದರೆ ಮೆಣಸಿನಪುಡಿ ಎರಚಿದ ಹಾಗಾಗುತ್ತಿತ್ತು. ಆದರೆ ನಾಗಪುರದ ಬಿಸಿಲಿಗೆ ಸ್ಕೂಟರ್ ಮೇಲಿನ ಪ್ರತಿಯೊಬ್ಬ ಹೆಂಗಸೂ ಮುಖಕ್ಕೆ ದುಪಟ್ಟಾ ಸುತ್ತಿ, ಮೊಣಕೈವರೆಗೆ ಬಿಳಿ ಗ್ಲೌಸ್ ಹಾಕಿಕೊಂಡೇ ಹೊರಗೆ ಬರುತ್ತಾಳೆ. ಎರಡು ತಿಂಗಳು ಸಿಗ್ನಲ್ಲಿನಲ್ಲಿ ನಾನೂ ಎಲ್ಲರಂತೆ ಕಾಣುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ.

ಶಾಲೆ ಶುರುವಾದ ಮೇಲೆ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ನಾನು ಚಾಚಿದ ಪ್ರಗತಿಪತ್ರವನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು, "ಮ್ಯಾಡಮ್, ಯೇ ಫೈಲ್ತಾ ತೋ ನಹೀಂ ನಾ?" ಎಂದರು. ಹರಡುವುದಿಲ್ಲ ತಾನೆ ಎಂದು. ಕೆಟ್ಟ ಮಾತೇನಲ್ಲ, ಮಗುವಿನ ಚಿಂತೆ. ಇಲ್ಲ ಎಂದು ನಕ್ಕೆ. ಅಂದಿನಿಂದ ನಾನು ನೋಟ್‌ಬುಕ್ಕುಗಳನ್ನು ಮಕ್ಕಳ ಕೈಗೆ ಕೊಡುವುದನ್ನು ಬಿಟ್ಟು ಮೇಜಿನ ಮೇಲಿಡತೊಡಗಿದೆ. ನಮ್ಮ ಹೆಡ್‌ಮಿಸ್ಟ್ರೆಸ್ ಇದನ್ನು ಗಮನಿಸಿದರು. ಒಂದು ದಿನ ಒಂದು ಚೀಟಿ ಕೈಗಿಟ್ಟರು. ಅದರಲ್ಲಿ ಶಾಲೆಯಿಂದ ಹತ್ತು ನಿಮಿಷ ದೂರದ ಚರ್ಮವೈದ್ಯೆಯ ವಿಳಾಸವಿತ್ತು. "ಐದನೇ ಪೀರಿಯಡ್ ನಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ" ಎಂದರು. ಅವರು ಹಾಗೆ ಪೀರಿಯಡ್ ತೆಗೆದುಕೊಳ್ಳದೆ ಇದ್ದಿದ್ದರೆ ನಾನು ಹೋಗುತ್ತಿರಲಿಲ್ಲ.

ಚರ್ಮದ ಡಾಕ್ಟರ್ ಐವತ್ತರ ಆಸುಪಾಸಿನವರು, ನಿಧಾನಸ್ಥೆ. ನನ್ನ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಮಗುಚಿ ನೋಡಿದರು. ಬಹಳ ದಿನಗಳ ಮೇಲೆ ಹೊರಗಿನವರೊಬ್ಬರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಎಂದಿನಿಂದ, ಎಲ್ಲೆಲ್ಲಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ನಾನು ಅಭ್ಯಾಸದಂತೆ ಮೇಜಿನ ಕೆಳಗೆ ಗಂಡನಿಗೆ ಫೋನ್ ಹಚ್ಚಿದೆ. ಹೋದಲ್ಲಿ ಬಂದಲ್ಲಿ ತಾಸಿಗೊಮ್ಮೆ ಹಚ್ಚುತ್ತಿದ್ದೆ. ಅವರು ಎತ್ತಲಿಲ್ಲ. ಮತ್ತೆ ಹಚ್ಚಿದೆ.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದ್ದರು. "ಯಾರಿಗೆ ಫೋನ್ ಮಾಡುತ್ತಿದ್ದೀರಿ?" ಎಂದು ಕೇಳಿದರು.

"ಮನೆಯವರಿಗೆ. ಎತ್ತುತ್ತಿಲ್ಲ."

"ನಿಮ್ಮ ಎಡಗೈ ನೋಡಿ."

ಎಡಗೈ ಕುತ್ತಿಗೆಯ ಮೇಲಿತ್ತು. ಉಗುರಿನಲ್ಲಿ ರಕ್ತವಿತ್ತು.

ಅವರು ಔಷಧ ಬರೆದುಕೊಟ್ಟರು. ಮುಲಾಮು, ಸ್ನಾನವಾದ ಕೂಡಲೇ ಮೈ ಪೂರ್ತಿ ಆರುವ ಮುಂಚೆ ಹಚ್ಚುವ ಕ್ರೀಮು. ಬದನೆಕಾಯಿ, ಮೊಸರು ಎಲ್ಲ ತಿನ್ನಬಹುದು ಎಂದರು. ಆಮೇಲೆ ಇನ್ನೊಂದು ಚೀಟಿಯಲ್ಲಿ ಮನೋವೈದ್ಯರೊಬ್ಬರ ಹೆಸರು ಬರೆದರು. ನನ್ನ ಮುಖ ಕೆಂಪಾಗಿರಬೇಕು.

"ಇದು ನನ್ನ ಮನಸ್ಸಿನ ಭ್ರಮೆ ಅನ್ನುತ್ತೀರಾ?"

"ಅಲ್ಲ. ನಿಮ್ಮ ಚರ್ಮಕ್ಕೆ ನಿಜವಾಗಿಯೂ ಕಾಯಿಲೆ ಇದೆ. ನಿಮ್ಮ ಭಯವೂ ನಿಜ. ಭಯವಾದಾಗ ಕೆರೆಯುತ್ತೀರಿ, ಕೆರೆದರೆ ಹೆಚ್ಚಾಗುತ್ತದೆ, ಹೆಚ್ಚಾದದ್ದು ಕಂಡು ಇನ್ನೂ ಭಯ. ನಾನು ಒಂದು ಕಡೆಯಿಂದ ಮಾತ್ರ ಮದ್ದು ಹಚ್ಚಬಲ್ಲೆ."

ಮುಲಾಮು ತಂದೆ, ಹಚ್ಚಿದೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಮನೋವೈದ್ಯರ ಚೀಟಿ ಪರ್ಸಿನ ಒಳಜೇಬಿನಲ್ಲಿ ಮಡಚಿದಂತೆಯೇ ಉಳಿಯಿತು. ಪಾಠ ಮಾಡುವ, ಮನೆ ನಡೆಸುವ, ಒಂದು ದಿನವೂ ರಜೆ ಹಾಕದ ನನಗೆ ತಲೆ ಕೆಟ್ಟಿದೆಯೇ? ಹಾಗೆಂದು ನನ್ನೊಳಗೇ ವಾದಿಸುತ್ತಿದ್ದೆ.

ಆ ವಾದ ಮುರಿದದ್ದು ಮಗಳಿಂದ. ಚಿನ್ಮಯಿಗೆ ಆಗ ಒಂಬತ್ತು ವರ್ಷ. ಶಾಲೆಯಿಂದ ಕಾಡಿನ ಅಂಚಿನ ಶಿಬಿರಕ್ಕೆ ಎರಡು ದಿನದ ಪ್ರವಾಸವಿತ್ತು. ಅವಳ ಗೆಳತಿಯರೆಲ್ಲ ಹೊರಟಿದ್ದರು. ಇವಳು ಒಪ್ಪಿಗೆ ಪತ್ರವನ್ನು ತಂದವಳೇ ಊಟದ ಮೇಜಿನ ಮೇಲೆ ಮಗುಚಿಟ್ಟಳು.

"ಮೀ ನಾಹೀ ಜಾಣಾರ. ನಾ ಹೋಗಂಗಿಲ್ಲ."

"ಯಾಕ? ಹುಲಿ ನೋಡಬೇಕಂತಿದ್ದಿ?" ಎಂದೆ.

"ಬಸ್ ಬಂದ್ ಬಿದ್ರ? ಅಲ್ಲಿ ನೆಟ್‌ವರ್ಕ್ ಇರಲಿಲ್ಲ ಅಂದ್ರ? ಟೀಚರ್ ಫೋನ್ ಉಚಲಲಿಲ್ಲ ಅಂದ್ರ?" ಬಸ್ ಕೆಟ್ಟರೆ, ಟೀಚರ್ ಫೋನ್ ಎತ್ತದಿದ್ದರೆ ಎಂದು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಒಂದೇ ಉಸಿರಿಗೆ ಕೇಳಿದಳು. ಆಮೇಲೆ ನನ್ನ ಕೈ ನೋಡುತ್ತಾ, "ನಾ ಹೋದ್ರ ನೀ ಪುನ್ಹಾ ಕೆರಕೋತಿ, ಮಮ್ಮಿ. ನಾ ಘರೀಚ್ ಇರ್ತೇನಿ" ಎಂದಳು.

ಮನೆಯಲ್ಲೇ ಇರುತ್ತಾಳಂತೆ. ನನ್ನ ಕೈ ಕಾಯಲು.

ಒಳಗೆ ಹೋಗಿ ಮಂಚದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಅತ್ತೆ ಮಾತಿನ ಮಲ್ಲಿ. ಆದರೆ ಆವತ್ತು ತಡೆತಡೆದು ಮಾತಾಡಿದರು.

"ನಿಮ್ಮ ಮಾವ ಬಸ್ ಓಡಸ್ತಿದ್ರು, ಗೊತ್ತೈತೆಲ್ಲ? ಘಟ್ಟದ ರೂಟು. ಬರೂ ಹೊತ್ತು ತಪ್ಪಿತಂದ್ರ ನಾ ಕಟ್ಟಿ ಮ್ಯಾಲ ಕುಂತು ಬತ್ತಿ ಹೊಸೀತಿದ್ದೆ. ಹತ್ತಿ ಮುಗದ್ರೂ ಕೈ ನಿಲ್ತಿದ್ದಿಲ್ಲ. ಬರೇ ಕೈಲೆ ತೊಡಿ ತಿಕ್ಕೋತಿದ್ದೆ. ತೊಗಲು ಸುಲದು ಸೀರಿಗೆ ಅಂಟತಿತ್ತು."

ನಾನು ಅವರ ಮುಖ ನೋಡಿದೆ.

"ಮಂದಿ ಏನಂತಿದ್ರು ಗೊತ್ತೇನು? ಗಂಗವ್ವ ಎಷ್ಟ್ ಭಕ್ತಿವಂತಿ, ಊರ ಗುಡಿಗೆಲ್ಲಾ ಬತ್ತಿ ಕೊಡ್ತಾಳ ಅಂತಿದ್ರು. ಅದು ಭಕ್ತಿ ಅಲ್ಲ ಯವ್ವಾ, ಹೆದರಿಕಿ. ಹದಿನೆಂಟು ವರ್ಷ ಹೆದರಿದೆ. ನನಗ ಡಾಕ್ಟರ್ ಕಡೆ ಹೋಗು ಅಂತ ಯಾರೂ ಅನಲಿಲ್ಲ. ನಿನಗ ಅಂದಾರ. ಏಳು, ಸೀರಿ ಉಟಗೋ. ನಾನೂ ಬರ್ತೇನಿ."

ಅತ್ತೆಗೆ ಚೀಟಿಯ ಸಂಗತಿ ಹೇಗೆ ತಿಳಿಯಿತೆಂದು ನಾನು ಇವತ್ತಿಗೂ ಕೇಳಿಲ್ಲ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೂ ಅವರ ತೊಡೆಯ ಗಾಯದ ಬಗ್ಗೆ ನನಗೆ ಒಂದಕ್ಷರ ಗೊತ್ತಿರಲಿಲ್ಲ.

ಮನೋವೈದ್ಯರ ಕ್ಲಿನಿಕ್ಕಿನಲ್ಲಿ ನಾನು ಯಾರಾದರೂ ಪಾಲಕರು ಕಂಡಾರೆಂದು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಮೂಲೆಯ ಕುರ್ಚಿ ಹಿಡಿದೆ. ಅತ್ತೆ ನಡುವಿನ ಬೆಂಚಿನಲ್ಲಿ ಕಾಲು ಚಾಚಿ ಕೂತು, ಚೀಲದಿಂದ ಚುರಮುರಿ ಡಬ್ಬಿ ತೆಗೆದರು. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಮರಾಠಿಯಲ್ಲಿ ಯಾರಿಗೆ ತೋರಿಸಬೇಕು ಎಂದು ಕೇಳಿರಬೇಕು. ಅತ್ತೆಗೆ ಮರಾಠಿ ಬರದು, ಹಿಂದಿ ಅಷ್ಟಕ್ಕಷ್ಟೇ. ಇಡೀ ಕೋಣೆಗೆ ಕೇಳುವಂತೆ, "ಮೇರಾ ಸೊಸಿ ಕೋ! ಡರ್ ಕಾ ಬೀಮಾರಿ! ಬರೋಬರ್ ಹೋತಾ ಬೋಲ್ಯಾರ ಡಾಕ್ಟರ್!" ಎಂದರು. ಸೊಸೆಗೆ ಹೆದರಿಕೆಯ ಕಾಯಿಲೆ, ಸರಿಹೋಗುತ್ತದೆ ಅಂದಿದ್ದಾರೆ ಡಾಕ್ಟರ್ ಎಂದು.

ನೆಲ ಬಾಯಿಬಿಟ್ಟರೆ ಒಳಗೆ ಹೋಗೋಣ ಎನಿಸಿತು. ಆ ಹಿರಿಯರು ನನ್ನ ಕಡೆ ತಿರುಗಿದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕ. ಮೆಲ್ಲಗೆ, "ಮಲಾ ಪಣ" ಎಂದರು. ನನಗೂ ಅದೇ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರಂತೆ. ಮನೆಯಿಂದ ಹೊರಟರೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ವಾಪಸು ಹೋಗುತ್ತಿದ್ದರಂತೆ. "ಈಗ ಒಂದೇ ಸಲ" ಎಂದು ಬೆರಳೆತ್ತಿ ತೋರಿಸಿದರು, ಪರೀಕ್ಷೆ ಪಾಸಾದವರ ಹಾಗೆ. ಅತ್ತೆ ಅವರ ಅಂಗೈಗೆ ಚುರಮುರಿ ಸುರಿದರು. ನಾನು ಸೆರಗು ಕೆಳಗಿಳಿಸಿದೆ.

ಒಳಗೆ ಡಾಕ್ಟರ್ ಏನೋ ದೊಡ್ಡ ಪ್ರಶ್ನೆ ಕೇಳುತ್ತಾರೆಂದುಕೊಂಡಿದ್ದೆ. ದಿನಕ್ಕೆ ಎಷ್ಟು ಸಲ ಫೋನ್ ಮಾಡುತ್ತೀರಿ ಎಂದಷ್ಟೇ ಕೇಳಿದರು. ನಾನು ಗಣಿತದ ಟೀಚರು. ಅದನ್ನು ಮಾತ್ರ ಯಾವತ್ತೂ ಎಣಿಸಿರಲಿಲ್ಲ. ಕಾಲ್ ಲಿಸ್ಟ್ ತೆಗೆದು ನೋಡುತ್ತಾ ಹೋದ ಹಾಗೆ ಅಳು ಬಂತು. ಆ ಮಂಗಳವಾರದಿಂದ ತಡೆದಿಟ್ಟದ್ದೆಲ್ಲ ಅವತ್ತು ಹೊರಗೆ ಬಂತು. ಅವರು ಪೇಪರ್ ನ್ಯಾಪ್‌ಕಿನ್ ಕೊಟ್ಟು, "ಒರೆಸಿಕೊಳ್ಳಿ, ಉಜ್ಜಬೇಡಿ. ಇಲ್ಲವಾದರೆ ಚರ್ಮದ ಡಾಕ್ಟರ್ ನನ್ನ ಮೇಲೆ ಸಿಟ್ಟಾಗುತ್ತಾರೆ" ಎಂದರು. ಅಳುತ್ತಲೇ ನಕ್ಕೆ.

ಒಂದು ಸಣ್ಣ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಮಾತಿಗೆ ಕರೆದರು. ಮೂರನೇ ಸಲ ಬಸವರಾಜರನ್ನೂ ಕರೆತರಲು ಹೇಳಿದರು. ಇವರು ಕೈಕಟ್ಟಿ ಕೂತರು. ಹೆಂಡತಿಯ ಫೋನುಗಳ ಬಗ್ಗೆ ನಿಮಗೇನು ಅನಿಸುತ್ತದೆ ಎಂದು ಡಾಕ್ಟರ್ ಕೇಳಿದಾಗ, "ಕುಛ್ ನಹೀಂ, ಆದತ್ ಹೋ ಗಯೀ" ಎಂದರು. ಅಭ್ಯಾಸವಾಗಿದೆಯಂತೆ. ಆಮೇಲೆ ಕಟ್ಟಿದ ಕೈ ಬಿಡಿಸಿ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು.

"ಏರೂ ಮುಂದ ಫೋನ್ ಕೆಳಗಿನವರ ಕೈಯಾಗ ಕೊಟ್ಟಿರ್ತೇನಿ. ಅದು ಹೊಡಕೊಳ್ಳೂದು ಮ್ಯಾಲ ಕೇಳಸ್ತೈತಿ. ಬಿಟ್ಟೂ ಬಿಡದಂಗ. ಆವಾಗ ನನ್ನ ಕಾಲು ನಡಗ್ತಾವ, ಸುನಂದಾ. ಅವ ಬಿದ್ದಾಗಿಂದ ನನಗೂ ಹೆದರಿಕಿ ಐತಿ. ನೀ ಮದಲ ಹೆದರೀದಿ, ನಿನಗ ಹೆಂಗ ಹೇಳ್ಲಿ?"

ಇವರು ಬೀಳದಿರಲಿ ಎಂದು ನಾನು ಮಾಡುತ್ತಿದ್ದ ಫೋನು ಇವರನ್ನು ಏಣಿಯ ಮೇಲೆ ನಡುಗಿಸುತ್ತಿತ್ತು. ಆ ಕೋಣೆಯಿಂದ ಹೊರಗೆ ಬಂದು ನಾವಿಬ್ಬರೂ ಸ್ಕೂಟರಿನವರೆಗೆ ನಡೆದೆವು. "ಚಹಾ ಕುಡಿಯೂಣೇನು?" ಎಂದರು ಅವರು. ರಸ್ತೆ ಬದಿಯ ಟಪರಿಯಲ್ಲಿ ಎರಡೆರಡು ಚಹಾ ಕುಡಿದೆವು. ಮದುವೆಯಾಗಿ ಹದಿಮೂರು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಹೆದರಿಕೆಯ ಮಾತಾಡಿದ್ದು ಅದೇ ಮೊದಲು. ಅಪಘಾತವಾದ ದಿನ ಆಸ್ಪತ್ರೆಯ ಹೊರಗೆ ತಾವು ವಾಂತಿ ಮಾಡಿಕೊಂಡದ್ದನ್ನು ಅವರು ಅವತ್ತು ಹೇಳಿದರು.

ಆಮೇಲೆ ಒಂದು ಒಪ್ಪಂದವಾಯಿತು. ಕೆಲಸಕ್ಕೆ ಏರುವ ಮುಂಚೆ ಅವರಿಂದ ಒಂದು ಮೆಸೇಜು, ಇಳಿದ ಮೇಲೆ ಒಂದು. ನಡುವೆ ನಾನು ಫೋನ್ ಮಾಡುವ ಹಾಗಿಲ್ಲ. ಹೇಳುವುದು ಸುಲಭ. ಮೊದಲ ದಿನ ನಡುವಿನ ಎರಡು ತಾಸಿನಲ್ಲಿ ನಾನು ಎಷ್ಟೋ ಸಲ ಅವರ ನಂಬರ್ ತೆಗೆದು, ಒತ್ತದೆ ಫೋನನ್ನು ಮಗುಚಿಟ್ಟೆ. ಕೈ ತುರಿಸಿದಾಗ ಕೆರೆಯುವ ಬದಲು ತಣ್ಣೀರು ತುಂಬಿದ ಸ್ಟೀಲ್ ಲೋಟವನ್ನು ಒತ್ತಿ ಹಿಡಿಯಲು ಚರ್ಮದ ಡಾಕ್ಟರ್ ಕಲಿಸಿದ್ದರು. ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಲೋಟ ಇರತೊಡಗಿತು. ಆರನೇ ತರಗತಿಯ ಮಕ್ಕಳು ಪಾಳಿ ಹಾಕಿಕೊಂಡು ಅದಕ್ಕೆ ತಣ್ಣೀರು ತುಂಬಿಸಿ ತರುತ್ತಿದ್ದರು. ನಾನು ಅವರಿಗೆ ಕಾಯಿಲೆಯ ಹೆಸರು, ಅದು ಹರಡುವುದಿಲ್ಲ ಎಂಬುದು, ಎರಡನ್ನೂ ಹೇಳಿದ್ದೆ. ಒಬ್ಬ ಹುಡುಗಿ ತನ್ನ ಅಂಗಿಯ ತೋಳು ಮೇಲೆತ್ತಿ ಮೊಣಕೈ ಮಡಿಕೆ ತೋರಿಸಿದಳು. ಅವಳಿಗೂ ಇತ್ತು.

ನಾಲ್ಕು ತಿಂಗಳಿಗೆ ಕುತ್ತಿಗೆ ತಿಳಿಯಾಯಿತು. ಆಮೇಲೆ ಮೊಣಕೈ. ಬೆರಳುಗಳು ಎಲ್ಲಕ್ಕಿಂತ ಕೊನೆಗೆ. ನೇರ ದಾರಿಯೇನಲ್ಲ. ಆ ಡಿಸೆಂಬರಿನಲ್ಲಿ ಇವರನ್ನು ಹತ್ತು ದಿನ ಬೇರೆ ಊರಿಗೆ ಕೆಲಸಕ್ಕೆ ಕಳಿಸಿದಾಗ ಎರಡೂ ಕೈ ಮತ್ತೆ ಸುಲಿದವು. ಎಲ್ಲ ಹಾಳಾಯಿತೆಂದು ಚರ್ಮದ ಡಾಕ್ಟರ್ ಎದುರು ಕೂತೆ. ಅವರು ಹಳೆಯ ಕಾಗದ ತಿರುವಿ ಹಾಕಿ, "ಮೊದಲ ಸಲ ಒಂದು ವರ್ಷ ತಡೆದು ಬಂದಿದ್ದಿರಿ. ಈ ಸಲ ಮೂರನೇ ದಿನಕ್ಕೆ ಬಂದಿದ್ದೀರಿ. ಇದಕ್ಕೇ ಸುಧಾರಣೆ ಅನ್ನುವುದು" ಎಂದರು. ಎರಡು ವಾರದಲ್ಲಿ ಹತೋಟಿಗೆ ಬಂತು. ಮಾತ್ರೆಯನ್ನು ಮನೋವೈದ್ಯರೇ ಕಡಿಮೆ ಮಾಡುತ್ತಾ ಬಂದು ಕಳೆದ ವರ್ಷ ನಿಲ್ಲಿಸಿದರು. ಕ್ರೀಮು ಬಹುಶಃ ಜೀವನಪೂರ್ತಿ. ಇರಲಿ. ಕನ್ನಡಕ ಇಲ್ಲವೇ, ಹಾಗೆಯೇ ಅದೂ.

ಕಳೆದ ಚಳಿಗಾಲ ಚಿನ್ಮಯಿಯ ಶಾಲೆಯವರು ಮತ್ತೆ ಕಾಡಿನ ಶಿಬಿರಕ್ಕೆ ಕರೆದೊಯ್ದರು. ಈ ಸಲ ಒಪ್ಪಿಗೆ ಪತ್ರವನ್ನು ಅವಳೇ ಭರ್ತಿ ಮಾಡಿ ಸಹಿಗೆ ತಂದಳು. "ಪಕ್ಕಾ?" ಎಂದು ಕೇಳಿದೆ. "ಪಕ್ಕಾ. ನೀ?" ಎಂದಳು. ನಾನೂ ಪಕ್ಕಾ ಎಂದೆ. ಪೂರ್ತಿ ನಿಜವಲ್ಲ. ಆ ಎರಡು ದಿನ ತುರಿಕೆ ಮತ್ತೆ ಬಂತು. ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಬುಟ್ಟಿ ಮೆಂತ್ಯ ಸೊಪ್ಪು ಬಿಡಿಸಲು ಹಚ್ಚಿದರು. ಸೊಪ್ಪು ಮುಗಿದ ಮೇಲೆ ಅವರೆಕಾಯಿ. ನಾನು ಟೀಚರಿಗೆ ಫೋನ್ ಮಾಡಲಿಲ್ಲ.

ಭಾನುವಾರ ಸಂಜೆ ಅವಳು ಬಂದಳು. ತಲೆ ತುಂಬಾ ಕೆಂಪು ಧೂಳು, ಜಡೆಯಲ್ಲಿ ಹುಲ್ಲಿನ ಮುಳ್ಳು. ಅಜ್ಜಿ ಎಣ್ಣೆ ಬಟ್ಟಲು ತಂದರೆ, "ಅಜ್ಜಿ ಜೋರ್ ತಿಕ್ತಾಳ. ಮಮ್ಮಿ, ನೀ ಹಾಕು" ಎಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ಎರಡು ವರ್ಷದ ಮೇಲೆ ಮೊದಲ ಸಲ ಬರಿಗೈಯಲ್ಲಿ ಅವಳ ತಲೆಗೆ ಎಣ್ಣೆ ಹಚ್ಚಿದೆ. ಆಮೇಲೆ ಬಚ್ಚಲಲ್ಲಿ ತಲೆ ತೊಳೆಯುವಾಗ ಬಿಸಿನೀರು ಉರಿಯಲಿಲ್ಲ, ಸೀಗೆಕಾಯಿ ಚುಚ್ಚಲಿಲ್ಲ. ಅವಳು ಹುಲಿ ಕಾಣಲಿಲ್ಲವಂತೆ. ಆದರೆ ಹುಲಿಯ ಹೆಜ್ಜೆ ಕಂಡಳಂತೆ, ರಾತ್ರಿ ಗೆಳತಿಯ ಹಾಸಿಗೆಗೆ ಕಪ್ಪೆ ಬಂದಿತ್ತಂತೆ, ದಾರಿಯಲ್ಲಿ ಬಸ್ ನಿಜವಾಗಿಯೂ ಕೆಟ್ಟು ನಿಂತು ಎಲ್ಲರೂ ರಸ್ತೆ ಬದಿಗೆ ಕೂತು ಅಂತ್ಯಾಕ್ಷರಿ ಆಡಿದರಂತೆ. "ಖೂಪ್ ಮಜಾ ಬಂತು!" ಎಂದು ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಸೀಗೆಪುಡಿಯ ನೀರು ಅವಳ ಕಣ್ಣಿಗೆ ಇಳಿಯದಂತೆ ನಾನು ಅಂಗೈಯನ್ನು ಅವಳ ಹಣೆಗೆ ಅಡ್ಡ ಹಿಡಿದೆ. ಬಕೆಟ್ಟಿನ ನೀರು ಆರುತ್ತಾ ಬಂತು. ಅವಳು ಮಾತು ನಿಲ್ಲಿಸಲಿಲ್ಲ, ನಾನೂ ಅವಸರ ಮಾಡಲಿಲ್ಲ.